ತೊಳೆಯದ ರಸ್ತೆ

ರಸ್ತೆಯ ಮೇಲೆ ಯಾರಾದರೂ ಸತ್ತರೆ ಸುದ್ದಿ ಮೊದಲು ನಮ್ಮ ಮನೆಗೆ ಬರುತ್ತಿತ್ತು. ಸತ್ತವನ ಮನೆಗೆ ಆಮೇಲೆ.

ಕಮಲಾಪುರದ ಹೊರಗೆ, ಕಲಬುರಗಿಗೆ ಹೋಗುವ ದೊಡ್ಡ ರಸ್ತೆ ಇಳಿಜಾರಾಗಿ ತಿರುಗುವಲ್ಲಿ ಗೌಡರ ಬಾಳೆತೋಟ. ತೋಟದ ಆಚೆ ನಮ್ಮ ಕೇರಿ. ಲಾರಿ, ಬಸ್ಸು, ಜೀಪು ಎಲ್ಲವೂ ಅಲ್ಲಿಯೇ ಬಂದು ಗುದ್ದಾಡುತ್ತಿದ್ದವು. ಗುದ್ದಿದ ಸದ್ದು ಅಡಗುವಷ್ಟರಲ್ಲಿ ಪೊಲೀಸ್ ಔಟ್‌ಪೋಸ್ಟಿನ ಜಮಾದಾರರು ಸೈಕಲ್ ತುಳಿದುಕೊಂಡು ಬಂದು ಕೇರಿಯ ಬಾಯಲ್ಲಿ ನಿಲ್ಲುವರು. ಒಳಗೆ ಬರುವುದಿಲ್ಲ. ಒಂದು ಕಾಲು ನೆಲಕ್ಕೆ, ಒಂದು ಪೆಡಲಿಗೆ.

"ಏ ಶಂಕ್ರೀ! ಕೊಡ, ಕಸಬರಗಿ ತಗೊಂಡು ಬಾ. ರೋಡ್ ಸಾಫ್ ಮಾಡಬೇಕು."

ಶಂಕ್ರಮ್ಮ ನನ್ನ ತಾಯಿಯ ತಂಗಿ. ನನಗೆ ಸಣ್ಣವ್ವ. ಅವ್ವ ಹೋದ ಮೇಲೆ ನನ್ನನ್ನು ಉಣಿಸಿ, ಬೈದು, ಬೆಳೆಸಿ, ಕಲಬುರಗಿಯ ಕಾಲೇಜಿಗೆ ಕಳಿಸಿದವಳು ಅವಳೇ. ನಾನು ಮರೆಪ್ಪ, ಬಿ.ಎ. ಜಮಾದಾರರು ನನ್ನನ್ನು ಕರೆಯುವುದು "ಬಾ ಏ" ಅಂತ. ಒಂದು ಸ್ವರದ ವ್ಯತ್ಯಾಸ. ಆ ಒಂದು ಸ್ವರ ತಿದ್ದುವುದಕ್ಕೆ ಯಾವ ವಿಶ್ವವಿದ್ಯಾಲಯದಲ್ಲೂ ಕೋರ್ಸಿಲ್ಲ.

ಸಣ್ಣವ್ವ ಹೋಗುತ್ತಿದ್ದಳು. ಅವಳ ಅತ್ತೆ ಮಾಡಿದ ಕೆಲಸ, ಅತ್ತೆಯ ಅತ್ತೆ ಮಾಡಿದ ಕೆಲಸ. ಮೊದಲು ಹೆಣ ಎಳೆಯಬೇಕು. ತಗಡಿನಲ್ಲಿ ಸಿಕ್ಕ ಕೈಕಾಲು ಬಿಡಿಸಬೇಕು. ಗೋಣಿಚೀಲ ಹೊದಿಸಬೇಕು. ಆಮೇಲೆ ಗಾಜು ಬಳಿದು, ರಕ್ತದ ಮೇಲೆ ಮಣ್ಣು ಹಾಕಿ ತಿಕ್ಕಿ, ನೀರು ಹೊಯ್ಯಬೇಕು. ಯಾವ ದಿನವೂ ಯಾರನ್ನೂ ಮುಟ್ಟಬಾರದ ಕೈ. ಆ ದಿನ ಮಾತ್ರ ಬೇಕೇ ಬೇಕು.

ನೀರಿನದೂ ಅದೇ ಕಥೆ. ಗೌಡರ ತೋಟದ ಬಾವಿ ನಮಗೆ ಬಂದ್. ನಾವು ಹಳ್ಳದಲ್ಲಿ ಒರತೆ ತೋಡಿ, ಬಟ್ಟೆ ಹಾಕಿ ಸೋಸಿ ಕುಡಿಯುವವರು. ಆದರೆ ರಸ್ತೆಯಲ್ಲಿ ಹೆಣ ಬಿದ್ದ ದಿನ ಗೌಡರ ಪಂಪು ತಾನಾಗಿ ಚಾಲೂ ಆಗುತ್ತಿತ್ತು. ಕಪ್ಪು ಪೈಪು ಹಾವಿನ ಹಾಗೆ ಹರಿದು ರಸ್ತೆಯ ಅಂಚಿಗೆ ಬರುತ್ತಿತ್ತು. ಶಂಕ್ರಮ್ಮನ ಕೊಡಕ್ಕೆ ತಾಗದಂತೆ ಆಳು ಅದನ್ನು ಮೇಲೆತ್ತಿ ಹಿಡಿಯುತ್ತಿದ್ದ. ರಕ್ತ ತೊಳೆಯುವುದಕ್ಕೆ ಆ ನೀರಿಗೆ ಮೈಲಿಗೆ ಇರಲಿಲ್ಲ. ಗಂಟಲು ತೊಳೆಯುವುದಕ್ಕೆ ಇತ್ತು.

ಒಂದು ಸಲ ಹಾಗೆ ಕರೆ ಬಂದಾಗ ರಸ್ತೆಯಲ್ಲಿ ಬಿದ್ದಿದ್ದವನು ಲಕ್ಕಪ್ಪ ಕಾಕಾ. ಸಣ್ಣವ್ವನ ಗಂಡ.

ಜಮಾದಾರರಿಗೆ ಗೊತ್ತಿತ್ತು. ಹೇಳಲಿಲ್ಲ. "ಏ ಶಂಕ್ರೀ" ಅಂತ ದಿನದ ಹಾಗೇ ಕರೆದರು. ಅವಳು ಹೋದಾಗ ಮೊದಲು ಕಂಡದ್ದು ರಸ್ತೆ ತುಂಬ ಚೆಲ್ಲಿದ ಕಣಕಿ. ಕಾಕಾ ದನದ ಮೇವಿಗೆ ಜೋಳದ ಕಣಕಿಯ ಹೊರೆ ಸೈಕಲ್ಲಿಗೆ ಕಟ್ಟಿಕೊಂಡು ಅಂಚಿಗೆ ನಡೆದು ಬರುತ್ತಿದ್ದ. ಹಿಂದಿನಿಂದ ಒಂದು ಲಾರಿ. ಅದನ್ನು ಹಿಂದೆ ಹಾಕಲು ಮದುವೆಯ ಬಸ್ಸು. ಎರಡೂ ಒಟ್ಟಿಗೆ ತಿರುವಿಗೆ ಬಂದಿದ್ದವು. ಒಂದು ಇನ್ನೊಂದನ್ನು ಒತ್ತಿತು. ನಡುವೆ ಸಿಕ್ಕವನು ನಡುವೆಯೇ ಹೋದ.

ಸಣ್ಣವ್ವ ಕುಸಿದು ಕೂತಳು. ಜಮಾದಾರರು ಅಂದದ್ದು ಇಷ್ಟು: "ಅಳೂದು ಆಮ್ಯಾಲ ಅಳುವಂತಿ. ಮೊದಲ ರೋಡ್ ಬಿಡಿಸು. ಎರಡೂ ಕಡಿ ಗಾಡಿ ನಿಂತಾವ."

ಅವಳು ತೊಳೆದಳು. ಗಂಡನ ರಕ್ತ. ಕೊಡದ ಮೇಲೆ ಕೊಡ. ಸೆರಗು ಬಾಯಿಗೆ ತುರುಕಿಕೊಂಡು. ಆ ಹೊತ್ತಿಗೆ ನಾನು ಕಲಬುರಗಿಯಲ್ಲಿ ಸಮಾಜಶಾಸ್ತ್ರದ ಪರೀಕ್ಷೆ ಬರೆಯುತ್ತಿದ್ದೆ.

ಕೇಸು ಕಲಬುರಗಿಯ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಿತು. ಬಸ್ಸಿನವರು ಲಾರಿಯದು ತಪ್ಪು ಅಂದರು. ಲಾರಿಯವರು ಬಸ್ಸಿನದು ಅಂದರು. ಕೊನೆಗೆ ಇಬ್ಬರೂ ಒಂದಾದರು: ಸೈಕಲ್ಲಿನವನದು. ನಮ್ಮ ವಕೀಲರು ಮುಕುಂದರಾವ್. ಶರಣಬಸವೇಶ್ವರ ಗುಡಿಯ ಹತ್ತಿರ ಮನೆ. ಒಳ್ಳೆಯ ಮನುಷ್ಯ, ಮೆತ್ತನೆಯ ದನಿ. ಎದುರಿನ ವಿಮೆ ವಕೀಲರದು ಮೂಗಿನ ದನಿ. ಮಾತು ಬಾಯಲ್ಲಿ ಹುಟ್ಟಿ ಮೂಗಿನಲ್ಲಿ ವಾಸ.

"ಏನಮ್ಮಾ, ಬಸ್ಸು ಮೊದಲ ಬಡೀತೋ, ಲಾರಿ ಮೊದಲ ಬಡೀತೋ?"

"ನಾ ನೋಡಿಲ್ರೀ. ಆಮ್ಯಾಲ ಬಂದೀನಿ."

"ಗಾಜು ಎಲ್ಲಿ ಬಿದ್ದಿತ್ತು?"

"ಎಲ್ಲಾ ಕಡಿ ಬಿದ್ದಿತ್ರೀ."

"ಗಾಲಿ ಗುರುತು ಎಲ್ಲಿತ್ತು?"

"ಗೊತ್ತಿಲ್ರೀ."

"ಫೋಟೋ ಅದ ಏನು?"

"ಇಲ್ರೀ."

"ಗುರುತು ಯಾಕ ಉಳಿದಿಲ್ಲ?"

"ರಸ್ತೆ ತೊಳದಾರಲ್ರೀ."

"ತೊಳದವರು ಯಾರು?"

ಸಣ್ಣವ್ವ ಸುತ್ತಲೂ ನೋಡಿದಳು. ಕಟಕಟೆಯ ಕಟ್ಟಿಗೆ ಗಟ್ಟಿಯಾಗಿ ಹಿಡಿದಳು. "ನಾನೇ ರೀ."

"ತೊಳಿ ಅಂದವರು ಯಾರು?"

"ಜಮಾದಾರ್ ಸಾಹೇಬ್ರು."

"ಬರದು ಕೊಟ್ಟಾರೇನು?"

"ನಮಗ ಯಾರು ಬರದು ಕೊಡ್ತಾರ್ರೀ? ಒದರಿ ಹೇಳ್ತಾರ."

ಕೋರ್ಟು ನಕ್ಕಿತು. ಮೂಗಿನ ವಕೀಲರು ನಗಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿ, ಗುರುತು ಅಳಿಸಿದವಳು ಅರ್ಜಿದಾರಳೇ, ಬರೆದುಕೊಳ್ಳಬೇಕು, ಅಂದರು. ಬರೆದುಕೊಂಡರು.

ಯಾವ ಗಾಡಿ ಮೊದಲು ತಾಗಿತು ಅನ್ನುವುದಕ್ಕೆ ಸ್ಥಳದಲ್ಲಿ ಏನೂ ಆಧಾರವಿಲ್ಲ, ಸೈಕಲ್ಲಿನವನೇ ಅಡ್ಡ ಬಂದಿರಬೇಕು ಅಂತ ತೀರ್ಪಾಯಿತು. ಹೊರಗೆ ವರಾಂಡದಲ್ಲಿ ಸಣ್ಣವ್ವ ಮುಕುಂದರಾಯರನ್ನು ಕೇಳಿದಳು.

"ಅಂದ್ರ ನಮ್ಮ ಮನಿಯವರದೇ ತಪ್ಪು ಅಂತ ಆತೇನ್ರೀ?"

"ಕಾಗದದ ಮ್ಯಾಲ ಹಂಗ ಆತು, ಶಂಕ್ರಮ್ಮಾ."

"ನಾ ತೊಳೀಲಿಲ್ಲ ಅಂದಿದ್ರ?"

ಮುಕುಂದರಾಯರು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು.

ಆ ಸಂಜೆ ನಾವು ಊರಿಗೆ ಬಂದದ್ದು ಸಿಕಂದರನ ಟೆಂಪೋದಲ್ಲಿ. ಸಿಕಂದರ್ ಕಲಬುರಗಿಯ ಮೋಮಿನಪುರದವನು. ಕಮಲಾಪುರದ ಕೆಂಪು ಬಾಳೆ ಹೇರಿಕೊಂಡು ದಿನಾ ಬೆಳಗ್ಗೆ ಅಲ್ಲಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋಗುವನು, ಸಂಜೆ ಖಾಲಿ ಗಾಡಿ ತಿರುಗಿಸುವನು. ಕಾಲೇಜಿನ ಮೂರು ವರ್ಷ ನನಗೆ ಬಸ್ಸು ಅಂದರೆ ಅವನೇ. ಬಾಳೆಗೊನೆಯ ನಡುವೆ ಕೂತು ಹೋಗುತ್ತಿದ್ದೆ. ಅವನಿಗೆ ಕೊಡಬೇಕಾದ ಟಿಕೇಟು ಒಂದೇ, ಯಾರದಾದರೂ ದನಿ ತೆಗೆಯುವುದು. ಪ್ರಿನ್ಸಿಪಾಲರದು, ಕಂಡಕ್ಟರನದು, ಜಮಾದಾರರದು. ಕೇರಿಗೆ ಬಂದರೆ ನಮ್ಮ ಗುಡಿಸಲಿನ ಒಳಗೇ ಬಂದು ಕೂರುವನು. "ಸಣ್ಣವ್ವಾ, ನೀರು" ಅನ್ನುವನು. ನಾನು ಕರೆಯುವ ಹೆಸರನ್ನೇ ಅವನೂ ಹಿಡಿದಿದ್ದ.

"ಕ್ಯಾ ರೇ ಮರ‍್ಯಾ, ವಕೀಲ ಹ್ಯಾಂಗಿದ್ದ? ಮಾಡಿ ತೋರಿಸಲೇ."

ಮಾಡಿದೆ. ಮೂಗು ಹಿಡಿದು. ಗಾಜು ಎಲ್ಲಿ ಬಿದ್ದಿತ್ತು? ಗಾಲಿ ಗುರುತು ಎಲ್ಲಿತ್ತು? ಫೋಟೋ ಅದ ಏನು? ಸಿಕಂದರ್ ಸ್ಟೇರಿಂಗ್ ಬಡಿದು ನಕ್ಕ. ಸಣ್ಣವ್ವ ನಗಲಿಲ್ಲ. ತಿರುವು ಬಂತು. ತೊಳೆದ ಜಾಗ ಬಂತು, ಹೋಯಿತು.

"ಇನ್ನೊಮ್ಮಿ ಮಾಡು," ಅಂದಳು.

ಮತ್ತೆ ಮಾಡಿದೆ. ಮನೆಗೆ ಬಂದ ಮೇಲೂ ಮಾಡಿಸಿದಳು. ರೊಟ್ಟಿ ಬಡಿಯುತ್ತ ಕೂತಾಗ, ಇದ್ದಕ್ಕಿದ್ದಂತೆ, "ಆ ಮೂಗಿನಾಂವ ಏನಂದ, ಹೇಳು ಮತ್ತ." ನಾನು ಅಂದೆ, ಗಾಜು ಎಲ್ಲಿ ಬಿದ್ದಿತ್ತು. ಅವಳು ರೊಟ್ಟಿ ಮಗುಚಿದಳು. ಕೇಳಿಸಿಕೊಂಡಳು ಅಷ್ಟೇ.

ತೊಂಬತ್ತಾರನೆಯ ಇಸವಿಯ ಬೇಸಿಗೆ. ಬೆಳಗ್ಗೆ ಹಲ್ಲುಜ್ಜುತ್ತ ನಿಂತಿದ್ದೆ. ತೋಟದ ಆಚೆ ದೊಡ್ಡ ಸದ್ದು. ಅದರ ಬೆನ್ನಿಗೇ ಇನ್ನೊಂದು. ಬಾಯಲ್ಲಿನ ಬೂದಿ ಉಗಿಯುವಷ್ಟರಲ್ಲಿ ಸೈಕಲ್ ಬಂತು.

"ಏ ಶಂಕ್ರೀ! ಬಾ ಏ, ನೀನೂ ಬಾ. ಕಬ್ಬಿಣದ ಹಾರಿ ತಗೋ."

ಮುಂದೆ ಗೌಡರ ಜೀಪು, ತೋಟದ ಗೇಟಿಗೆ ಮೂತಿ ತಿರುಗಿಸಿ ನಿಂತಿತ್ತು. ಅದರ ಹಿಂಬದಿಗೆ ಕಚ್ಚಿಕೊಂಡು ಟೆಂಪೋ. ಟೆಂಪೋದ ಬೆನ್ನು ಮುರಿದು ಅದರೊಳಗೆ ಹೊಕ್ಕು ನಿಂತ ಲಾರಿ, ನೆಲಕ್ಕೆ ಹಾಸುವ ಫರಸಿಕಲ್ಲು ತುಂಬಿದ್ದು. ರಸ್ತೆಯೆಲ್ಲ ಕೆಂಪು ಬಾಳೆ. ಸಿಪ್ಪೆ ಒಡೆದು ತಿರುಳು ಎಣ್ಣೆಯಲ್ಲಿ ಕಲಸಿಹೋಗಿತ್ತು.

ಸಿಕಂದರ್ ಸ್ಟೇರಿಂಗಿನ ಮೇಲೆ ಒರಗಿದ್ದ. ಎದೆ ಒಳಗೆ ಹೋಗಿತ್ತು. ನಾನು ಹಾರೆ ಹಾಕಿ ಬಾಗಿಲು ಮೀಟಿದೆ. ಸಣ್ಣವ್ವ ಬಗಲಿಗೆ ಕೈ ಹಾಕಿ ಎಳೆದಳು. ಮೈ ಇನ್ನೂ ಬೆಚ್ಚಗಿತ್ತು. ಕಾಲು ಬರಲಿಲ್ಲ. ತಗಡು ಬಗ್ಗಿಸಿ ಮತ್ತೆ ಎಳೆದೆವು. ಬಂತು. ಹೊತ್ತುಕೊಂಡು ಬೇವಿನ ಮರದ ಕೆಳಗೆ ಮಲಗಿಸಿದೆವು. ಅವಳು ಅವನ ಕಣ್ಣು ಮುಚ್ಚಿದಳು. ಗೋಣಿಚೀಲ ಬೇಡ ಅಂದಳು. ತೋಟದಿಂದ ಬಾಳೆಯೆಲೆ ಕಿತ್ತು ತಂದು ಹೊದಿಸಿದಳು. ಗೌಡರನ್ನು ಕೇಳಲಿಲ್ಲ.

ಗೌಡರು ಗೇಟಿನಲ್ಲಿ ನಿಂತಿದ್ದರು. ಬಿಳಿ ಧೋತರ, ಮೊಣಕೈಗೆ ಒಂದು ತರಚು. "ಟೆಂಪೋದಾಂವ ಬಂದು ಗುದ್ದಿದ ನೋಡ್ರೀ ಜಮಾದಾರ್ರ. ನಾ ನಿಧಾನಕ್ಕ ಗೇಟಿಗಿ ಹೊಳ್ಳಾಕತ್ತಿದ್ದೆ. ಹಿಂದಿನ ಲಾರಿದಾಂವ ಪಾಪ, ಏನ್ ಮಾಡ್ತಾನ?"

"ಹೌದ್ರೀ ಗೌಡ್ರ," ಅಂದ ಲಾರಿಯ ಡ್ರೈವರ್, ಹಣೆಗೆ ಟವೆಲ್ ಒತ್ತಿಕೊಂಡು. "ಅಂವ ಗುದ್ದಿ ನಿಂತ. ನನಗ ಬ್ರೇಕ್ ಹತ್ತಲಿಲ್ಲ."

ಎರಡು ಮಾತಿನಲ್ಲಿ ಬದುಕಿದವರು ಇಬ್ಬರೂ ತಪ್ಪಿಸಿಕೊಂಡರು. ಜಮಾದಾರರಿಗೂ ಹಗುರಾಯಿತು. "ಹಂಗಾರ ಸತ್ತವನದೇ ತಪ್ಪು. ಕೇಸೂ ಅವನ ಜೋಡಿ ಮಣ್ಣಾಗ ಹೋಗ್ತದ. ಔಟ್‌ಪೋಸ್ಟಿನಾಗ ಕುಂತು ಪಂಚನಾಮಿ ಬರಕೋತೀನಿ. ಇಬ್ಬರು ಸಹಿ ಹಾಕಾಕ ಬರ್ರಿ."

ಪಂಚನಾಮೆ ಅಂದರೆ ಏನು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ. ಅವತ್ತು ಕಲಿತೆ. ಐದು ಜನ ಸೇರಿ ಒಬ್ಬನಿಗೆ ಹಾಕುವ ನಾಮ.

ಪಂಪು ಗುಡುಗುಡು ಅಂತು. ಪೈಪು ಹರಿದು ಬಂತು. ನೀರು ಸಣ್ಣವ್ವನ ಕಾಲಬಳಿ ಬಿತ್ತು.

"ಲಗೂ ತೊಳಿ," ಅಂದರು ಜಮಾದಾರರು.

ಅವಳು ಕೊಡ, ಕಸಬರಗಿ ಹಿಡಿದು ನಡೆದಳು. ಜೀಪಿನಿಂದ ಹಿಂದಕ್ಕೆ. ಟೆಂಪೋ ದಾಟಿ, ಲಾರಿಯ ಪಕ್ಕ. ನೆಲ ನೋಡುತ್ತ ನೋಡುತ್ತ ಲಾರಿಯ ಹಿಂದಿನ ಗಾಲಿಯ ಹತ್ತಿರ ನಿಂತಳು. ಬಾಗಿದಳು.

"ಮರೆಪ್ಪಾ. ಬಾ ಇಲ್ಲಿ. ಗಾಜು ಎಲ್ಲಿ ಬಿದ್ದಾದ ನೋಡು."

ನೋಡಿದೆ. ಲಾರಿಯ ಮುಂದಿನ ದೀಪದ ದಪ್ಪ ಗಾಜು, ಟೆಂಪೋದ ಹಿಂದಿನ ದೀಪದ ಕೆಂಪು ಚೂರು, ಎರಡೂ ಒಂದೇ ಕಡೆ ಬಿದ್ದಿದ್ದವು. ಮುಂದಿನ ದೀಪ ಹಿಂದಿನ ಗಾಲಿಯ ಹತ್ತಿರ. ಅಲ್ಲಿಂದ ಟೆಂಪೋದ ಟಾಯರಿನ ಎರಡು ಕರಿ ಗೆರೆ, ಲಾರಿಯ ಹೊಟ್ಟೆಯ ಕೆಳಗೆ ಹಾದು, ಜೀಪಿನವರೆಗೆ. ಅಂದರೆ ಸಿಕಂದರ್ ಜೀಪಿನಿಂದ ಅಷ್ಟು ದೂರದಲ್ಲೇ ಬ್ರೇಕು ಒತ್ತಿ ನಿಂತಿದ್ದ. ನಿಂತವನನ್ನು ಲಾರಿ ಒಂದು ಲಾರಿಯಷ್ಟು ಉದ್ದ ನೂಕಿಕೊಂಡು ಹೋಗಿ ಜೀಪಿಗೆ ಬಡಿದಿತ್ತು.

ಸಣ್ಣವ್ವ ಕೊಡ ಬೋರಲು ಹಾಕಿದಳು. ಗಾಜಿನ ಪಕ್ಕ, ಕೊಡದ ಮೇಲೆ ಕೂತಳು.

"ತೊಳ್ಯಾಂಗಿಲ್ಲ."

ಜಮಾದಾರರಿಗೆ ಕೇಳಿಸಲಿಲ್ಲ. ಕೇಳಿಸಿದರೂ ಅದು ಮಾತು ಅಂತ ಗೊತ್ತಾಗಲಿಲ್ಲ. "ಏನು?"

"ತೊಳ್ಯಾಂಗಿಲ್ರೀ. ಅವನ ಅವ್ವ ಬರಬೇಕು. ಬಂದು ಕಣ್ಣಿಲೆ ನೋಡಬೇಕು. ಫೋಟೋ ಆಗಬೇಕು. ಅಲ್ಲೀಮಟ ಒಂದು ಗಾಜೂ ಎತ್ತಾಂಗಿಲ್ಲ." ನನ್ನ ಕಡೆ ತಿರುಗಿದಳು. "ನಿಂತು ನೋಡ್ತಿ ಏನಲೇ? ಫೋನ್ ಮಾಡು ಹೋಗು."

ಓಡಿದೆ. ಕಮಲಾಪುರದ ಎಸ್‌ಟಿಡಿ ಬೂತಿಗೆ. ಮೋಮಿನಪುರದಲ್ಲಿ ಸಿಕಂದರನ ಓಣಿಯ ಬಾಯಿಗೇ ಇನಾಯತನ ಫೋಟೋ ಸ್ಟುಡಿಯೋ. ನನ್ನ ಅರ್ಜಿಗಳ ಫೋಟೋ ಎಲ್ಲ ಅವನದೇ ಕೈ. ಫೋನಿನಲ್ಲಿ ನನಗೆ ಅಳುವೇ ಬಂತು. "ಕೌನ್? ಕೌನ್?" ಅಂದ. ಕೊನೆಗೆ ಅಂದೆ: "ಸಿಕಂದರ್ ಹೋದ, ಇನಾಯತ್‌ಭಾಯ್. ಅವನ ಅವ್ವಗ ಕರ್ಕೊಂಡು ಬಾ. ಕ್ಯಾಮರಾ ತಗೊಂಡು ಬಾ. ಜಲ್ದಿ ಬಾ, ಇಲ್ಲಂದ್ರ ತೊಳದು ಬಿಡ್ತಾರ."

ತಿರುಗಿ ಬಂದಾಗ ರಸ್ತೆ ಎರಡೂ ಕಡೆ ತುಂಬಿತ್ತು. ಹಾರನ್ನು. ಬೈಗಳು. ಬಸ್ಸಿನಿಂದ ಮಂದಿ ಇಳಿದಿದ್ದರು. ಜಮಾದಾರರ ಮುಖ ಆ ಕೆಂಪು ಬಾಳೆಯ ಬಣ್ಣಕ್ಕೆ ತಿರುಗಿತ್ತು.

"ಏಳ್ತೀಯೋ ಇಲ್ಲೋ? ಸರ್ಕಾರಿ ಕೆಲಸಕ್ಕ ಅಡ್ಡಿ ಅಂತ ಒಳಗ ಹಾಕ್ತೀನಿ."

"ಸರ್ಕಾರಿ ಕೆಲಸ ನನಗ ಯಾವಾಗ ಆತ್ರೀ? ಬಿ.ಎ. ಓದಿದ ನಮ್ಮ ಮರೆಪ್ಪಗೇ ಸಿಕ್ಕಿಲ್ಲ."

ಯಾರೋ ನಕ್ಕರು. ಜಮಾದಾರರು ಬೂಟುಗಾಲಿನಿಂದ ಕೊಡ ಒದ್ದರು. ಕೊಡ ಉರುಳಿತು, ಸಣ್ಣವ್ವ ಬಿದ್ದಳು. ಅಂಗೈಗೆ ಗಾಜು ಚುಚ್ಚಿತು. ಎದ್ದು ನೆಲದ ಮೇಲೆಯೇ ಕೂತಳು, ಅದೇ ಜಾಗದಲ್ಲಿ. ನಾನು ಮುಂದೆ ನುಗ್ಗಿದೆ. ಕೆನ್ನೆಗೆ ಬಿತ್ತು. ಕಿವಿ ಗುಂಯ್ ಅಂತು.

"ನನ್ನ ಗಂಡನ ರಕ್ತ ತೊಳದೀನಿ ಸಾಹೇಬ್ರ," ಅಂದಳು ಅವಳು. ದನಿ ಏರಿಸಲಿಲ್ಲ. "ಅಳಬ್ಯಾಡ ಅಂದ್ರಿ, ಅಳಲಿಲ್ಲ. ತೊಳಿ ಅಂದ್ರಿ, ತೊಳದೆ. ಕಲಬುರಗಿ ಕೋರ್ಟಿನಾಗ ಏನಂದ್ರು? ಗುರುತು ಅಳಿಸಿದಾಕಿ ನೀನೇ ಅಂದ್ರು. ತಪ್ಪು ನನ್ನ ಗಂಡಂದು ಅಂದ್ರು. ನನ್ನ ಕೈಲೆ ನನ್ನ ಗಂಡನ ಕಳ್ಳನ್ನ ಮಾಡಿಸಿದ್ರಿ. ಈ ಹುಡುಗನ್ನ ಮಾಡಸಾಕ ಬಿಡಾಂಗಿಲ್ಲ."

"ಬ್ಯಾರೇದವರನ್ನ ಕರೀರಿ," ಅಂದರು ಗೌಡರು ಗೇಟಿನಿಂದ. "ಕೇರ‍್ಯಾಗ ಇಕಿ ಒಬ್ಬಾಕೇ ಹುಟ್ಯಾಳೇನು?"

ಕರೆಯಬೇಕಾಗಿರಲಿಲ್ಲ. ಕೇರಿಯ ಹೆಂಗಸರು ಬರುತ್ತಲೇ ಇದ್ದರು. ಎಲ್ಲರ ಬಗಲಲ್ಲೂ ಕೊಡ. ಹಳ್ಳಕ್ಕೆ ಹೊರಟವರು ಹಾಗೇ ತಿರುಗಿದ್ದರು. ಜಮಾದಾರರು ಉಸಿರು ಬಿಟ್ಟರು. "ಬರ್ರಿ, ಬರ್ರಿ. ನೀವಾರ ತೊಳೀರಿ." ಮುಂದಿದ್ದ ಭಾಗಮ್ಮ ನಮ್ಮ ಪಕ್ಕದ ಮನೆಯವಳು. ಜಮಾದಾರರನ್ನು ನೋಡಿದಳು, ಸಣ್ಣವ್ವನ ಅಂಗೈ ನೋಡಿದಳು. ಕೊಡ ಬೋರಲು ಹಾಕಿ ಕೂತಳು. ಹಿಂದಿನವಳು ಕೂತಳು. ಅದರ ಹಿಂದಿನವಳೂ.

"ಲಾರಿ ಹಿಂದಕ್ಕ ತಗೋಲೇ," ಅಂದರು ಜಮಾದಾರರು ಡ್ರೈವರನಿಗೆ. ಹಿಂದೆ ಹೋದರೆ ಗಾಜು ಪುಡಿ, ಗೆರೆ ಮಾಯ. ಡ್ರೈವರ್ ಹತ್ತಿ ಚಾಲೂ ಮಾಡಿದ. ಹೊಗೆ ಹೆಂಗಸರ ಮುಖಕ್ಕೆ ಹೊಡೆಯಿತು. ಯಾರೂ ಸರಿಯಲಿಲ್ಲ. ಭಾಗಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬಾರೋ ನಮ್ಮಪ್ಪ, ಇನ್ನ ನಾಕು ಹೆಣ ಹಾಕು. ಅವರದೂ ತಪ್ಪು ಅಂತ ಬರಸು," ಅಂದಳು. ಡ್ರೈವರ್ ಇಂಜಿನ್ ಆರಿಸಿ ಇಳಿದ.

ಜಮಾದಾರರು ಬಸ್ಸಿನ ಮಂದಿಯನ್ನು ಕೇಳಿದರು. ಚಹಾದಂಗಡಿಯವನನ್ನು ಕೇಳಿದರು. ಗೌಡರ ಆಳುಗಳನ್ನು ಕೇಳಿದರು. "ಅದನ್ನ ನಾವು ಮುಟ್ಟಾಂಗಿಲ್ರೀ," ಅಂತ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಪೈಪು ಹಿಡಿದವನೂ ಅದನ್ನು ಅಂಚಿಗೆ ಬಿಸಾಕಿ ಸರಿದ. ಅಷ್ಟು ವರ್ಷ ನಮ್ಮ ಬೆನ್ನಿಗೆ ಬಡಿದ ಮಡಿಮೈಲಿಗೆ ಆ ಒಂದು ಬೆಳಗ್ಗೆ ನಮ್ಮ ಕಾವಲಿಗೆ ನಿಂತಿತು. ರಸ್ತೆ ಮುಟ್ಟುವವರು ಯಾರೂ ಇರಲಿಲ್ಲ.

ಬಿಸಿಲು ಏರಿತು. ನೊಣ ಬಂದವು. ನಾನು ಬೇವಿನ ಮರಕ್ಕೂ ತಿರುವಿಗೂ ನಡುವೆ ಓಡಾಡಿದೆ. ಪ್ರತಿ ಸ್ಕೂಟರಿನ ಸದ್ದಿಗೂ ಕುತ್ತಿಗೆ ಉದ್ದ ಮಾಡಿದೆ. ಇನಾಯತ್ ಬರದಿದ್ದರೆ? ಗಾಡಿ ಕೆಟ್ಟರೆ? ಕಲಬುರಗಿಯಿಂದ ದೊಡ್ಡ ಸಾಹೇಬರೇ ಲಾಠಿಯವರನ್ನು ಕಳಿಸಿದರೆ? ಸಣ್ಣವ್ವ ಮಾತ್ರ ಕೂತ ಕಡೆ ಕೂತಿದ್ದಳು. ಅಂಗೈಯ ಗಾಜು ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದಳು.

ಬಂದರು. ಇನಾಯತನ ಸ್ಕೂಟರಿನ ಹಿಂದೆ ಬಷೀರುನ್ನೀಸಾ, ಸಿಕಂದರನ ತಾಯಿ. ಕರಿ ಬುರ್ಖಾದ ಮೇಲೆ ದಾರಿಯ ಧೂಳೆಲ್ಲ ಕೂತಿತ್ತು. ಇಳಿದವಳಿಗೆ ಯಾರೂ ದಾರಿ ತೋರಿಸಲಿಲ್ಲ. ನೇರ ಬೇವಿನ ಮರಕ್ಕೆ ಹೋದಳು. ಎಲೆ ಸರಿಸಿದಳು. ಆ ಕೂಗು ನಾನು ಬರೆಯಲಾರೆ.

ಎದ್ದಾಗ ಕಣ್ಣು ಒಣಗಿತ್ತು. "ಕಿಸ್ನೆ ಮಾರಾ? ಯಾರು ಹೊಡದ್ರು ನನ್ನ ಮಗಗ?"

"ನಿನ್ನ ಮಗನೇ ಹೋಗಿ ಗುದ್ಯಾನಮ್ಮಾ," ಅಂದರು ಜಮಾದಾರರು. "ಜೋರು ಹೊಡದಾನ."

ಸಣ್ಣವ್ವ ಎದ್ದಳು. ಕೈ ಚಾಚಿದವಳು ಅರ್ಧಕ್ಕೆ ನಿಲ್ಲಿಸಿದಳು. "ನನ್ನ ಕೈಗಿ ನಿನ್ನ ಮಗನ ರಕ್ತ ಅದ, ತಂಗೀ."

ಬಷೀರುನ್ನೀಸಾ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಬಿಡಲಿಲ್ಲ. ಹಾಗೆ ಹಿಡಿದುಕೊಂಡೇ ಲಾರಿಯ ಹಿಂದಿನ ಗಾಲಿಯ ಹತ್ತಿರ ಬಂದರು.

"ನೋಡು. ಇದು ಲಾರಿ ದೀಪ. ಇದು ನಿನ್ನ ಮಗನ ಗಾಡಿ ದೀಪ. ಇಲ್ಲಿ ನಿಂತಿದ್ದ ಅಂವ. ನಿಂತವನ್ನ ಅಲ್ಲೀಮಟ ನೂಕ್ಯಾರ. ನಿನ್ನ ಮಗ ಗುದ್ದಿಲ್ಲ."

ಬಷೀರುನ್ನೀಸಾ ಕುಕ್ಕರಗಾಲಲ್ಲಿ ಕೂತು ಕರಿ ಗೆರೆಯ ಮೇಲೆ ಬೆರಳಾಡಿಸಿದಳು, ಮಗನ ಬೆನ್ನು ಸವರುವ ಹಾಗೆ. "ನಿಂತಿದ್ದ," ಅಂದಳು. "ರುಕಾ ಥಾ ಮೇರಾ ಬಚ್ಚಾ."

ಇನಾಯತ್ ಕ್ಯಾಮರಾ ಎತ್ತಿದ. ಗದ್ದ ಮೇಲೆ ಮಾಡ್ರಿ, ಕಣ್ಣು ಮಿಟುಕಿಸಬ್ಯಾಡ್ರಿ ಅನ್ನುವ ಮನುಷ್ಯ. ಅವತ್ತು ಮಂಡಿಯೂರಿ ಒಂದೊಂದನ್ನೇ ತೆಗೆದ: ಗಾಜು, ಗೆರೆ, ಗಾಲಿ, ಜೀಪು, ಬೋರಲು ಕೊಡಗಳು. ಜಮಾದಾರರು ಮುಖ ತಿರುಗಿಸಿದರು. ಇನಾಯತ್ ಆ ಕಡೆಯಿಂದಲೂ ತೆಗೆದ. ಬಸ್ಸಿನ ಮಂದಿ ಹತ್ತಿರ ಬಂದು ಬಗ್ಗಿ ನೋಡತೊಡಗಿದರು. "ಹೌದಲೇ, ಮುಂದಿನ ದೀಪ ಹಿಂದ ಬಿದ್ದಾದ." "ಬರಕೋರೀ ಜಮಾದಾರ್ರ, ಇಲ್ಲೇ ಬರಕೋರಿ. ನಾವೂ ಸಹಿ ಹಾಕ್ತೀವಿ." ನೂರು ಕಣ್ಣಿನ ಮುಂದೆ ಜಮಾದಾರರು ಜೇಬಿನಿಂದ ಪೆನ್ನು ತೆಗೆದರು. ಲಾರಿಯ ನಂಬರು ಬರೆದರು. ಗೌಡರ ಜೀಪಿನದು ಬರೆಯಲಿಲ್ಲ. ಬಷೀರುನ್ನೀಸಾ ಬರೆಸಿದಳು.

ಅದು ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ, ಅಲ್ಲಿ ಯಾವ ಮೂಗಿನ ವಕೀಲರು ಕಾದಿದ್ದಾರೋ, ನನಗೆ ಗೊತ್ತಿರಲಿಲ್ಲ. ಆದರೆ ಸಿಕಂದರ್ ನಿಂತಿದ್ದ ಅನ್ನುವುದು ಬರೆದಾಗಿತ್ತು.

ಜಮಾದಾರರು ಪೆನ್ನಿನ ಮುಚ್ಚಳ ಹಾಕಿದರು. "ಆತಲ್ಲ? ನಿನ್ನ ಹಟ ಆತಲ್ಲ? ಈಗಾರ ತೊಳಿ."

"ತೊಳ್ಯಾಂಗಿಲ್ರೀ."

"ಇನ್ನೇನ್ ಬೇಕೇ ನಿನಗ?"

"ಏನೂ ಬ್ಯಾಡ್ರೀ. ಕಸಬರಗಿ ಅಲ್ಲಿ ಅದ. ನೀರು ಅಲ್ಲಿ ಬರಾಕತ್ತಾದ. ಕೈ ನಿಮಗೂ ಅವ."

ರಕ್ತ ತೊಳೆಯುವ ತನ್ನ ಹಳೆಯ ಕೊಡವನ್ನು ಅವಳು ರಸ್ತೆಯ ಮೇಲೇ ಬಿಟ್ಟಳು. ಭಾಗಮ್ಮನ ಕೊಡ ತೆಗೆದುಕೊಂಡು ಪೈಪಿನ ಹತ್ತಿರ ಹೋದಳು. ಯಾರೂ ಹಿಡಿಯದೆ ಬಿದ್ದಿತ್ತು. ಮುಟ್ಟಿದಳು. ಎತ್ತಿದಳು. ಮೊದಲು ಬಷೀರುನ್ನೀಸಾಳ ಕೈ ತೊಳೆದಳು, ತನ್ನ ಕೈ ತೊಳೆದಳು. ಬೊಗಸೆ ತುಂಬ ಅವಳಿಗೆ ಕುಡಿಸಿದಳು. ತಾನೂ ಕುಡಿದಳು. ಆಮೇಲೆ ಕೊಡಕ್ಕೆ ಹಿಡಿದಳು. ಹೆಂಗಸರೆಲ್ಲ ಕೊಡ ನೆಟ್ಟಗೆ ಮಾಡಿಕೊಂಡು ಸಾಲು ನಿಂತರು.

"ಏ! ಏ!" ಗೌಡರು ಗೇಟಿನಿಂದ ಓಡಿ ಬಂದರು. "ಆ ನೀರು ತೊಳ್ಯಾಕ ಕೊಟ್ಟದ್ದು!"

"ಹೌದ್ರೀ ಗೌಡ್ರ," ಅಂದಳು ಭಾಗಮ್ಮ. "ಗಂಟಲಾ ತೊಳ್ಯಾಕತ್ತೀವಿ."

ಬಷೀರುನ್ನೀಸಾ ಬೇವಿನ ಮರದ ಕೆಳಗೆ ಮಗನ ಹತ್ತಿರ ಹೋಗಿ ಕೂತಳು. ಕೊಡ ಹೊತ್ತು ಹೊರಟೆವು. ಹಿಂದೆ ಒಂದು ಸದ್ದು ಕೇಳಿಸಿತು. ಕರ್, ಕರ್, ನಿಂತು, ಮತ್ತೆ ಕರ್. ಸಣ್ಣವ್ವ ತಿರುಗಲಿಲ್ಲ.

"ಯಾರದು?" ಅಂದಳು.

ನೋಡಿದೆ. ಟೋಪಿ ತೆಗೆದಿಟ್ಟಿದ್ದರು. ನಡು ಬಗ್ಗಿಸಲು ಬರುತ್ತಿರಲಿಲ್ಲ.

"ಜಮಾದಾರ್ರು. ಕಸಬರಗಿ ಹಿಡಿಯಾಕೇ ಬರವಲ್ದು ಅವರಿಗಿ."

ಸಣ್ಣವ್ವ ತಲೆಯ ಮೇಲಿನ ಕೊಡ ಸರಿ ಮಾಡಿಕೊಂಡಳು.

"ಕಲೀತಾರ ಬಿಡು."